ಸ್ವಿಚ್ ಸಾಫ್ಟ್‌ವೇರ್‌ಗೆ ನಾನು ಯೂನಿಟ್ ಟೆಸ್ಟ್ ಬರೆಯುವ ಬಗೆ

ನೆಟ್‌ವರ್ಕ್ ಸ್ವಿಚ್ ಕೋಡ್‌ನ ಟೆಸ್ಟ್ ಒಮ್ಮೆ ಪಾಸ್, ಒಮ್ಮೆ ಫೇಲ್ ಆಗುತ್ತಿದ್ದರೆ ನಾನು ಮೊದಲು ಹುಡುಕುವುದು ಸ್ಲೀಪ್ ಕರೆಗಳನ್ನು, ಅಂದರೆ ಕೋಡನ್ನು ಇಷ್ಟು ಸೆಕೆಂಡ್ ಸುಮ್ಮನೆ ಕಾಯಿಸುವ ಸಾಲುಗಳನ್ನು. ಯಾವ ಸಾಧನದ ವಿಳಾಸ ಯಾವ ಪೋರ್ಟ್‌ನಲ್ಲಿದೆ ಎಂದು ಸ್ವಿಚ್ ಬರೆದಿಟ್ಟುಕೊಳ್ಳುವ ಮ್ಯಾಕ್ ಟೇಬಲ್‌ನ ಏಜಿಂಗ್ (ಬಳಕೆಯಾಗದ ಎಂಟ್ರಿ ಅಳಿಯುವ ಅವಧಿ) ಸಾಮಾನ್ಯವಾಗಿ 300 ಸೆಕೆಂಡ್. ಅಷ್ಟು ಹೊತ್ತು ಕಾಯಲಾಗದೆ ಅದನ್ನು 2ಕ್ಕೆ ಇಳಿಸಿ, 3 ಸೆಕೆಂಡ್ ಸ್ಲೀಪ್ ಹಾಕುತ್ತಾರೆ. ಬಿಲ್ಡ್ ಸರ್ವರ್ ಮೇಲೆ ಲೋಡ್ ಬಿದ್ದರೆ ಏಜಿಂಗ್ ಥ್ರೆಡ್‌ಗೆ ಸಿಪಿಯು ತಡವಾಗಿ ಸಿಕ್ಕಿ ಟೆಸ್ಟ್ ಬೀಳುತ್ತದೆ.

ನನ್ನ ಕೋಡ್ ಎಲ್ಲೂ ಸಿಸ್ಟಮ್ ಟೈಮ್ ಅನ್ನು ನೇರವಾಗಿ ಓದುವುದಿಲ್ಲ. ಕ್ಲಾಕ್ ಅನ್ನು ಹೊರಗಿನಿಂದ ಕೊಡುತ್ತೇನೆ. ಟೆಸ್ಟ್‌ನಲ್ಲಿ ಅದು ನಕಲಿ ಕ್ಲಾಕ್. ವಿಳಾಸ ಕಲಿಸಿ ಕ್ಲಾಕ್ ಅನ್ನು 299ನೇ ಸೆಕೆಂಡ್‌ಗೆ ಒಯ್ದರೆ ಎಂಟ್ರಿ ಇರಬೇಕು, 301ಕ್ಕೆ ಇರಬಾರದು. 200ರಲ್ಲಿ ಅದೇ ಮೂಲದಿಂದ ಇನ್ನೊಂದು ಫ್ರೇಮ್ (ನೆಟ್‌ವರ್ಕ್‌ನಲ್ಲಿ ಸಾಗುವ ಡೇಟಾ ತುಣುಕು) ಬಂದಿದ್ದರೆ 499ರಲ್ಲೂ ಇರಬೇಕು. ಈ ಕೊನೆಯ ಪರೀಕ್ಷೆಯನ್ನು ಬಿಟ್ಟುಬಿಡುವವರೇ ಹೆಚ್ಚು. ಚಿಪ್ ಆಗಾಗ ಟೇಬಲ್ ಸ್ಕ್ಯಾನ್ ಮಾಡಿ, ಎಂಟ್ರಿ ಈಚೆಗೆ ಬಳಕೆಯಾಯಿತೇ ಎಂದು ಹೇಳುವ ಹಿಟ್ ಬಿಟ್ ನೋಡಿ ಏಜ್ ಮಾಡುವಂಥದ್ದಾದರೆ ಮಾತ್ರ 301 ಎಂದು ಹಠ ಹಿಡಿಯಬೇಡಿ: ಸ್ಕ್ಯಾನ್ ಯಾವಾಗ ಬರುತ್ತದೆ ಎಂಬುದರ ಮೇಲೆ ಎಂಟ್ರಿ ಎರಡು ಸುತ್ತಿನವರೆಗೂ ಉಳಿಯಬಹುದು.

ಚಿಪ್‌ನ ಎಸ್‌ಡಿಕೆಗೆ (ಚಿಪ್ ಜೊತೆ ಮಾತಾಡುವ ಲೈಬ್ರರಿ) ಮಾಕ್, ಅಂದರೆ ಯಾವ ಕರೆ ಬಂತೆಂದು ಎಣಿಸುವ ಬದಲಿ, ಬರೆಯುವುದು ನನಗೆ ಇಷ್ಟವಿಲ್ಲ. 'ಈ ಫಂಕ್ಷನ್ ಒಂದೇ ಸಲ ಕರೆಯಲ್ಪಟ್ಟಿತೇ' ಎಂದು ಕೇಳುವ ಟೆಸ್ಟ್ ಪ್ರತಿ ರೀಫ್ಯಾಕ್ಟರಿಂಗ್‌ಗೂ ಮುರಿಯುತ್ತದೆ. ಬದಲಿಗೆ, ಅದೇ ಎಪಿಐ (ಕರೆಯಬಹುದಾದ ಫಂಕ್ಷನ್‌ಗಳು) ಇರುವ ಚಿಕ್ಕ ನಕಲಿ ಟೇಬಲ್ ಮೆಮೊರಿಯಲ್ಲಿರುತ್ತದೆ. ಅದಕ್ಕೆ ಸೋಲುವುದೂ ಗೊತ್ತಿರಬೇಕು. ವಿಳಾಸದಿಂದ ಲೆಕ್ಕ ಹಾಕಿದ ಹ್ಯಾಶ್ ಸಂಖ್ಯೆಗೆ ಮೀಸಲಾದ ಬಕೆಟ್‌ನಲ್ಲಿ 4 ಜಾಗವಿದ್ದರೆ, ಅದೇ ಹ್ಯಾಶ್‌ಗೆ ಬೀಳುವ ಐದನೇ ವಿಳಾಸವನ್ನು, ಉಳಿದ ಟೇಬಲ್ ಪೂರ್ತಿ ಖಾಲಿ ಇದ್ದರೂ, ಅದು ತಿರಸ್ಕರಿಸಬೇಕು. ಆಗ ಸಾಫ್ಟ್‌ವೇರ್‌ನ ಪ್ರತಿಯಲ್ಲಿ ಎಂಟ್ರಿ ಉಳಿದು ಚಿಪ್‌ನಲ್ಲಿ ಇಲ್ಲದಿದ್ದರೆ ಅದು ಬಗ್. ಹಾಗಾಗಿ ಪ್ರತಿ ಟೆಸ್ಟ್‌ನ ಟಿಯರ್‌ಡೌನ್‌ನಲ್ಲಿ (ಟೆಸ್ಟ್ ಮುಗಿದ ಮೇಲೆ ಓಡುವ ಕೊನೆಯ ಹಂತ) ಎರಡೂ ಟೇಬಲ್‌ಗಳನ್ನು ತಾಳೆ ನೋಡುತ್ತೇನೆ.

ಫಾರ್ವರ್ಡಿಂಗ್‌ಗೆ ಕಡ್ಡಾಯವಾದವು ಕೆಲವು: ಗೊತ್ತಿಲ್ಲದ ಯೂನಿಕಾಸ್ಟ್ (ಟೇಬಲ್‌ನಲ್ಲಿಲ್ಲದ ಒಂದೇ ಸಾಧನದ ವಿಳಾಸಕ್ಕೆ ಹೊರಟ ಫ್ರೇಮ್) ಆ ವಿಲ್ಯಾನ್‌ನ (ಸ್ವಿಚ್ ಒಳಗೆ ಬೇರ್ಪಡಿಸಿದ ನೆಟ್‌ವರ್ಕ್) ಎಲ್ಲ ಪೋರ್ಟ್‌ಗಳಿಗೂ ಹೋಗಬೇಕು, ಬಂದ ಪೋರ್ಟ್‌ಗೆ ಮಾತ್ರ ಹೋಗಬಾರದು. 01-80-ಸಿ2-00-00-00ಕ್ಕೆ ಬಂದ ಬಿಪಿಡಿಯು (ಲೂಪ್ ತಪ್ಪಿಸಲು ಸ್ವಿಚ್‌ಗಳು ತಮ್ಮೊಳಗೆ ಕಳಿಸುವ ಸಂದೇಶ) ಹೀಗೆ ಎಲ್ಲ ಪೋರ್ಟ್‌ಗಳಿಗೆ ಫ್ಲಡ್ ಆಗಬಾರದು. ಮೂಲ ವಿಳಾಸದಲ್ಲಿ ಮಲ್ಟಿಕಾಸ್ಟ್ ಬಿಟ್ (ಇದು ಗುಂಪಿನ ವಿಳಾಸ ಎಂಬ ಗುರುತು) ಇದ್ದರೆ ಕಲಿಯಬಾರದು. ವಿಲ್ಯಾನ್ ರಚಿಸುವಾಗ ಅದರ ಸಂಖ್ಯೆಯಾಗಿ 1 ಮತ್ತು 4094 ಸರಿ. 0 ಮತ್ತು 4095 ತಿರಸ್ಕಾರ.

ಈ ಫ್ರೇಮ್‌ಗಳನ್ನು ಬರಿಯ ಬೈಟ್‌ಗಳಾಗಿ ಬರೆಯಿರಿ, ಕೋಡ್‌ನದೇ ಸ್ಟ್ರಕ್ಟ್ (ಫ್ರೇಮ್‌ನ ಭಾಗಗಳನ್ನು ಹಿಡಿದಿಡುವ ಡೇಟಾ ರಚನೆ) ಬಳಸಬೇಡಿ. ಬೈಟ್ ಕ್ರಮ ತಿರುಗಿ ವಿಲ್ಯಾನ್ ಟ್ಯಾಗ್‌ನ 81 00 ಎಂಬುದು 00 81 ಆದರೆ, ಕಟ್ಟುವಾಗಿನ ತಪ್ಪನ್ನು ಬಿಚ್ಚುವಾಗಿನ ತಪ್ಪು ಮುಚ್ಚಿಹಾಕಿ ಟೆಸ್ಟ್ ಪಾಸ್ ಆಗುತ್ತದೆ. ಪಕ್ಕದ ಸ್ವಿಚ್‌ಗೆ ಮಾತ್ರ ಆ ಟ್ಯಾಗ್ ಅರ್ಥವಾಗುವುದಿಲ್ಲ.