ಮಗುವಿನ ಪಕ್ಕದ ಕಿಟಕಿಗೆ ಎಂಥ ಬಿಸಿಲು ಪರದೆ?

ಡಿಸೆಂಬರ್ ತಿಂಗಳ ಮಧ್ಯಾಹ್ನ ಕುಶಾಲನಗರದಲ್ಲಿ ನಿಂತು, ಮೈಸೂರು ಕಡೆಯಿಂದ ಮಡಿಕೇರಿಗೆ ಹೋಗುವ ಕಾರುಗಳನ್ನು ನೋಡಿ. ಮಕ್ಕಳಿರುವ ಕಾರಿನ ಎಡಬದಿಯ ಹಿಂದಿನ ಕಿಟಕಿಗೆ ಏನಾದರೊಂದನ್ನು ಸಿಕ್ಕಿಸಿರುತ್ತಾರೆ. ಸ್ನಾನದ ಟವೆಲ್, ಅಮ್ಮನ ದುಪಟ್ಟಾ, ದಿನಪತ್ರಿಕೆಯ ಹಾಳೆ, ಇಲ್ಲವೇ ಅರ್ಧ ಕಳಚಿ ಜೋತಾಡುತ್ತಿರುವ ಕಪ್ಪು ಪರದೆ. ಕಳೆದ ವರ್ಷ ನನ್ನ ತಂಗಿ ಇದೇ ದಾರಿಯಲ್ಲಿ ಊರಿಗೆ ಬರುತ್ತಿದ್ದಾಗ, ಆನೆಕಾಡಿನ ತಿರುವೊಂದರಲ್ಲಿ ಸುರುಳಿ ಪರದೆಯ ಸಲಾಕೆ ಕಳಚಿ, ನಿದ್ದೆ ಮಾಡುತ್ತಿದ್ದ ಮಗುವಿನ ಕೆನ್ನೆಯ ಮೇಲೆ ಬಿತ್ತು. ತರಚು ಗಾಯವಷ್ಟೇ ಆಯಿತು. ಎರಡು ಅಂಗುಲ ಮೇಲೆ ಬಿದ್ದಿದ್ದರೆ ಕಣ್ಣಿಗೇ ತಾಗುತ್ತಿತ್ತು. ಪರದೆ ಕೊಳ್ಳುವಾಗ ಬಣ್ಣ ಮತ್ತು ಬೆಲೆಯನ್ನು ಬಿಟ್ಟು ಬೇರೇನನ್ನೂ ನೋಡದವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಈ ಲೇಖನ ಅವರಿಗಾಗಿ.

1. ಬಿಸಿಲು ಯಾವ ಕಡೆಯಿಂದ ಬರುತ್ತದೆ?

ನಾಲ್ಕು ಕಿಟಕಿಗೂ ಪರದೆ ಬೇಕಿಲ್ಲ. ಮೈಸೂರಿನಿಂದ ಮಡಿಕೇರಿಗೆ ಬರುವ ದಾರಿ ಹೆಚ್ಚೂಕಡಿಮೆ ಪಶ್ಚಿಮಕ್ಕೆ ಸಾಗುತ್ತದೆ. ಚಳಿಗಾಲದಲ್ಲಿ ಸೂರ್ಯ ದಿನವಿಡೀ ದಕ್ಷಿಣಕ್ಕೆ ವಾಲಿರುತ್ತಾನೆ, ಅಂದರೆ ಮನೆಗೆ ಬರುವಾಗ ಬಿಸಿಲು ಎಡಕ್ಕೆ. ರಸ್ತೆಯಂಚಿನ ಕಡೆ ಇಳಿಸಲು ಸುಲಭವೆಂದು ನಾವು ಮಗುವಿನ ಆಸನವನ್ನು ಕಟ್ಟುವುದೂ ಎಡಕ್ಕೇ. ಏಪ್ರಿಲ್ ಕೊನೆಯಲ್ಲಿ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಇರುವುದರಿಂದ ಆ ಹೊತ್ತಿನ ಬಿಸಿಲನ್ನು ಕಾರಿನ ಚಾವಣಿಯೇ ತಡೆಯುತ್ತದೆ, ತೊಂದರೆ ಕೊಡುವುದು ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು. ನೀವು ಪದೇ ಪದೇ ಓಡಾಡುವ ದಾರಿಯನ್ನು ನೆನಪಿಸಿಕೊಂಡರೆ ಒಂದು ಪರದೆ, ಹೆಚ್ಚೆಂದರೆ ಎರಡು ಸಾಕೆಂದು ತಿಳಿಯುತ್ತದೆ.

‘ನಮ್ಮದು ತಂಪು ಊರು, ಪರದೆ ಏಕೆ’ ಎನ್ನುವವರಿಗೆ ಒಂದು ಮಾತು. ಗಾಳಿ ತಂಪಾಗಿದ್ದರೂ ನೇರಳಾತೀತ ಕಿರಣ ಕಡಿಮೆಯಾಗುವುದಿಲ್ಲ. ಸಮುದ್ರಮಟ್ಟದಿಂದ ಪ್ರತಿ 1,000 ಮೀಟರ್ ಮೇಲೇರಿದಂತೆ ಅದು ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಮಡಿಕೇರಿ ಇರುವುದು 1,100 ಮೀಟರಿಗೂ ಮೇಲೆ. ಕಾರಿನ ಮುಂಗಾಜು ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆ ಸೇರಿಸಿ ಮಾಡಿದ್ದರಿಂದ ಈ ಕಿರಣಗಳಲ್ಲಿ ಹೆಚ್ಚಿನವನ್ನು ತಡೆಯುತ್ತದೆ. ಪಕ್ಕದ ಗಾಜು ಸಾಮಾನ್ಯವಾಗಿ ಒಂದೇ ಪದರದ್ದು. ಚರ್ಮವನ್ನು ಸುಡುವ ‘ಬಿ’ ಕಿರಣವನ್ನು ಅದು ಬಹುಮಟ್ಟಿಗೆ ನಿಲ್ಲಿಸಿದರೂ ‘ಎ’ ಕಿರಣದ ಒಂದು ಪಾಲು ಒಳಗೆ ಬರುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಹಚ್ಚುವುದು ಸೂಕ್ತವಲ್ಲ, ಅದಕ್ಕೆ ನೆರಳು ಮತ್ತು ತೆಳ್ಳನೆಯ ತುಂಬುತೋಳಿನ ಹತ್ತಿ ಅಂಗಿಯೇ ರಕ್ಷಣೆ.

2. ಕಾನೂನು

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 100ನೇ ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜಿನ ಮೂಲಕ ಕನಿಷ್ಠ ಶೇ 70, ಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇ 50 ಬೆಳಕು ಹಾಯಬೇಕು. ಗಾಜಿನ ಮೇಲೆ ಕಪ್ಪು ಫಿಲ್ಮ್ ಅಥವಾ ಇನ್ನಾವುದೇ ವಸ್ತುವನ್ನು ಹಚ್ಚಬಾರದೆಂದು ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರಂದು ಆದೇಶಿಸಿತು. ಮಾಕುಟ್ಟ ದಾಟಿ ಕಣ್ಣೂರು ಕಡೆಗೆ ಹೋಗುವವರಿಗೆ ನೆನಪಿರಬಹುದು, 2021ರ ಜನವರಿಯಲ್ಲಿ ಕೇರಳದ ಮೋಟಾರು ವಾಹನ ಇಲಾಖೆ ಫಿಲ್ಮ್ ಮತ್ತು ಪರದೆ ಹಾಕಿದ ವಾಹನಗಳ ಮೇಲೆ ಕಾರ್ಯಾಚರಣೆಯನ್ನೇ ನಡೆಸಿತ್ತು. ಆದ್ದರಿಂದ ಗೋಂದು ಹಾಕಿ ಅಂಟಿಸುವ ಯಾವುದೂ ಬೇಡ. ಒಂದೇ ಕೈಯಲ್ಲಿ ಕಿತ್ತು ತೆಗೆಯಲು ಬರುವ ಪರದೆಯನ್ನೇ ಕೊಳ್ಳಿ, ತಪಾಸಣೆಯವರು ತೆಗೆಯಲು ಹೇಳಿದರೆ ವಾದಿಸದೆ ತೆಗೆಯಿರಿ. ಚಾಲಕನ ಬದಿಯ ಕಿಟಕಿಗೆ, ಅವನ ಪಕ್ಕದ ಕಿಟಕಿಗೆ ಮತ್ತು ಹಿಂದಿನ ದೊಡ್ಡ ಗಾಜಿಗೆ ಏನನ್ನೂ ಹಾಕಬೇಡಿ.

ಅದೇ ಕಾನೂನಿನ ಇನ್ನೊಂದು ಭಾಗವನ್ನು ನಾವು ಮರೆಯುತ್ತೇವೆ. 14 ವರ್ಷದೊಳಗಿನ ಮಗುವಿಗೆ ಸೀಟ್‌ಬೆಲ್ಟ್ ಅಥವಾ ಮಕ್ಕಳ ಸುರಕ್ಷತಾ ಆಸನ ಕಡ್ಡಾಯ, ತಪ್ಪಿದರೆ 1,000 ರೂಪಾಯಿ ದಂಡ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ಕಿಟಕಿಗೆ ಒಳ್ಳೆಯ ಪರದೆ ಹುಡುಕುವವರು ಮೊದಲು ಆಸನ ಕೊಳ್ಳಲಿ.

3. ಗಟ್ಟಿಯಾದದ್ದು ಯಾವುದೂ ಬೇಡ

ಎಲ್ಲರೂ ಎಡವುವುದು ಇಲ್ಲಿಯೇ. 60 ಕಿಲೋಮೀಟರ್ ವೇಗದಲ್ಲಿರುವ ಕಾರು ಥಟ್ಟನೆ ನಿಂತಾಗ, ಗಟ್ಟಿಯಾಗಿ ಕಟ್ಟಿಲ್ಲದ ಪ್ರತಿಯೊಂದು ವಸ್ತುವೂ ಅದೇ 60ರ ವೇಗದಲ್ಲಿ ಮುಂದೆ ಹಾರುತ್ತದೆ. ಪರದೆ ಇರುವುದು ಮಗುವಿನ ತಲೆಯಿಂದ ಒಂದು ಗೇಣು ದೂರದಲ್ಲಿ. ಹಾಗಾಗಿ ಅಂಗಡಿಯಲ್ಲಿ ಪರದೆಯನ್ನು ಕೈಗೆ ತೆಗೆದುಕೊಂಡು ‘ಇದು ನನ್ನ ಮಗುವಿನ ಮುಖಕ್ಕೆ ಬಡಿದರೆ ಏನಾಗುತ್ತದೆ’ ಎಂದು ಕೇಳಿಕೊಳ್ಳಿ.

ಸುರುಳಿ ಪರದೆಯಲ್ಲಿ ಲೋಹದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಸಲಾಕೆ ಇರುತ್ತದೆ. ಅದನ್ನು ಗಾಜಿಗೆ ಹಿಡಿದಿಡುವುದು ಸಕ್ಷನ್ ಕಪ್ ಎನ್ನುವ ಎರಡು ಪುಟ್ಟ ಬಟ್ಟಲುಗಳು. ಬಿಸಿಲಿಗೆ ಈ ಬಟ್ಟಲು ಮೆತ್ತಗಾಗುತ್ತದೆ, ಚಳಿಗೆ ಬಿರುಸಾಗುತ್ತದೆ, ಘಾಟಿಯ ಅಲುಗಾಟಕ್ಕೆ ಸಡಿಲವಾಗುತ್ತದೆ. ಎಷ್ಟೇ ದುಬಾರಿಯದಾದರೂ ಇದನ್ನು ಮಗುವಿನ ಪಕ್ಕ ಹಾಕಬೇಡಿ. ಬಿದ್ದ ಬಟ್ಟಲಿನಿಂದ ಇನ್ನೊಂದು ಅಪಾಯವೂ ಇದೆ. ಸುಮಾರು 32 ಮಿಲಿಮೀಟರ್ ಅಗಲದ ಕೊಳವೆಯೊಳಗೆ ತೂರುವ ಯಾವುದೇ ಬಿಡಿಭಾಗ ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳಬಹುದು ಎಂಬುದು ಆಟಿಕೆಗಳಿಗೆ ಬಳಸುವ ಅಳತೆಗೋಲು. ಚಿಕ್ಕ ಬಟ್ಟಲುಗಳು, ಗುಂಡು ಆಯಸ್ಕಾಂತಗಳು, ಅಲಂಕಾರದ ಗುಂಡಿಗಳು ಈ ಅಳತೆಯೊಳಗೇ ಬರುತ್ತವೆ. ಒಂದಕ್ಕಿಂತ ಹೆಚ್ಚು ಆಯಸ್ಕಾಂತ ನುಂಗಿದರೆ ಅವು ಒಳಗೆ ಒಂದನ್ನೊಂದು ಸೆಳೆದು ಕರುಳಿಗೇ ಗಾಯವಾಗಬಹುದು. ಅಂಚಿಗೆ ಆಯಸ್ಕಾಂತ ಹೊಲಿದ ಪರದೆಗಳನ್ನು ನಾನು ಮನೆಗೆ ತರುವುದೇ ಇಲ್ಲ.

ಪಕ್ಕದ ಏರ್‌ಬ್ಯಾಗ್ ಅನ್ನೂ ಗಮನಿಸಿ. ಆರು ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಎರಡು, ಕಿಟಕಿಗಳ ಮೇಲಿನ ಚಾವಣಿಯ ಅಂಚಿನಲ್ಲಿ ಮಡಚಿಕೊಂಡಿರುತ್ತವೆ. ಡಿಕ್ಕಿಯಾದಾಗ ಅವು ಕಣ್ಣು ಮಿಟುಕಿಸುವಷ್ಟರಲ್ಲಿ ಗಾಜಿಗೂ ತಲೆಗೂ ನಡುವೆ ಇಳಿಯಬೇಕು. ಅಲ್ಲಿ ಕ್ಲಿಪ್ಪು, ಸಲಾಕೆ, ಗಟ್ಟಿ ಚೌಕಟ್ಟು ಇದ್ದರೆ ಚೀಲ ಇಳಿಯಲು ಅಡ್ಡಿಯಾಗಬಹುದು, ಇಲ್ಲವೇ ಆ ವಸ್ತುವನ್ನೇ ಒಳಕ್ಕೆ ಎಸೆಯಬಹುದು. ಕಾರಿನ ಕೈಪಿಡಿಯ ಏರ್‌ಬ್ಯಾಗ್ ಪುಟವನ್ನು ಓದಿ, ಕಿಟಕಿಗಳ ನಡುವಿನ ಕಂಬದ ಮೇಲೆ ‘ಏರ್‌ಬ್ಯಾಗ್’ ಎಂಬ ಗುರುತಿದೆಯೇ ನೋಡಿ. ಇದ್ದರೆ ಕಿಟಕಿಯ ಮೇಲಂಚಿಗೆ ಏನನ್ನೂ ಸಿಕ್ಕಿಸಬಾರದು. ಟವೆಲ್ಲನ್ನೂ ಸಹ.

ಉಳಿಯುವುದು ಎರಡೇ ಬಗೆ. ಬಾಗಿಲಿನ ಚೌಕಟ್ಟಿಗೆ ದಿಂಬಿನ ಚೀಲದಂತೆ ತೊಡಿಸುವ ಹಿಗ್ಗುವ ಬಟ್ಟೆ ಒಂದು. ಗೋಂದಿಲ್ಲದೆ ತಾನೇ ಗಾಜಿಗೆ ಅಂಟಿಕೊಳ್ಳುವ ಜಾಲರಿ ಇನ್ನೊಂದು. ಬಟ್ಟೆಯದ್ದರಲ್ಲಿ ಗಾಜು ಇಳಿಸಿದರೂ ನೆರಳು ಉಳಿಯುತ್ತದೆ, ಸೊಳ್ಳೆಯೂ ಒಳಗೆ ಬರುವುದಿಲ್ಲ. ಆದರೆ ಮಂಜು ಕವಿದಾಗ ಕಾರು ನಿಲ್ಲಿಸಿ, ಇಳಿದು, ಬಾಗಿಲು ತೆರೆದು ಕಳಚಬೇಕು, ಮಳೆ ಬಂದರೆ ತೊಯ್ದು ತೊಪ್ಪೆಯಾಗುತ್ತದೆ. ಕೊಡಗಿಗೆ ನನ್ನ ಆಯ್ಕೆ ತಾನೇ ಅಂಟುವ ಜಾಲರಿ. ಕಳಚಿ ಬಿದ್ದರೂ ಅದು ಕರವಸ್ತ್ರದಷ್ಟು ಹಗುರ. ಅದರ ಅಂಚಿನೊಳಗೆ ಸಣ್ಣ ಸ್ಪ್ರಿಂಗ್ ತಂತಿ ಇರುತ್ತದೆ, ಹೊಲಿಗೆ ದಪ್ಪಗಿದ್ದು ತಂತಿಯ ತುದಿ ಎಲ್ಲಿಯೂ ಕೈಗೆ ಸಿಗಬಾರದು. ಅಂಗಡಿಯವರಿಗೆ ‘ಅಣ್ಣ, ಒಂದನ್ನು ಬಿಚ್ಚಿ ಮಡಚಿ ತೋರಿಸಿ’ ಎಂದು ಕೇಳಲು ಸಂಕೋಚ ಬೇಡ.

4. ಜಾಲರಿ ಎಷ್ಟು ದಟ್ಟ?

ಕಾಫಿ ತೋಟದಲ್ಲಿ ಮರಗಸಿ ಮಾಡುವವರಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಸವರುವವರಿಗೆ, ಇದನ್ನು ಹೇಳಿಕೊಡಬೇಕಾಗಿಲ್ಲ. ಕಾಫಿ ಗಿಡಕ್ಕೆ ಕತ್ತಲೆಯೂ ಆಗದು, ಬಯಲೂ ಆಗದು, ಸೋಸಿದ ಬೆಳಕು ಬೇಕು. ಕಾರಿಗೂ ಅಷ್ಟೇ. ಜಾಲರಿಯನ್ನು ಒಂದು ಮೊಳ ದೂರ ಹಿಡಿದು ರಸ್ತೆಯನ್ನು ನೋಡಿ. ಬರುತ್ತಿರುವ ಬೈಕು ಸ್ಪಷ್ಟವಾಗಿ ಕಾಣಬೇಕು. ಬಿಳಿ ಕಾಗದದ ಮೇಲೆ ಬಿಸಿಲಿಗೆ ಹಿಡಿದರೆ ಸಮನಾದ ತೆಳು ನೆರಳು ಬೀಳಬೇಕು. ಕಾಗದದ ಮೇಲಿನ ನೆರಳು ಕಣ್ಣಿಗೆ ಕಾಣುವ ಬೆಳಕಿನ ಲೆಕ್ಕವನ್ನಷ್ಟೇ ಕೊಡುತ್ತದೆ, ನೇರಳಾತೀತ ಕಿರಣಕ್ಕೆ ಯುಪಿಎಫ್ ಎಂಬ ಅಂಕಿಯನ್ನು ನೋಡಬೇಕು. ಅದು 50 ಎಂದಿದ್ದರೆ ಐವತ್ತರಲ್ಲಿ ಒಂದು ಪಾಲು ಮಾತ್ರ ಬಟ್ಟೆಯನ್ನು ದಾಟುತ್ತದೆ ಎಂದರ್ಥ. ಕಾರ್ಟೂನ್ ಚಿತ್ರ ಅಚ್ಚು ಹಾಕಿದ ದಪ್ಪ ಹಾಳೆಯಂಥ ಪರದೆಗಳ ಮೂಲಕ ಏನೂ ಕಾಣುವುದಿಲ್ಲ. ಮಗು ಕೇಳಿದರೂ ಅವುಗಳನ್ನು ಕೊಳ್ಳಬೇಡಿ.

5. ಅಂಟಿಸುವ ಬಗೆ

‘ನಿಲ್ಲುವುದೇ ಇಲ್ಲ, ಮೋಸ’ ಎಂದು ದೂರುವವರ ಕಾರಿನ ಗಾಜನ್ನು ಬೆರಳಿನಿಂದ ಸವರಿದರೆ ಕೆಂಪು ಧೂಳು ಬರುತ್ತದೆ. ತಾನೇ ಅಂಟುವ ಹಾಳೆಗೆ ಧೂಳು, ಎಣ್ಣೆ ಮತ್ತು ತೇವ ಮೂರೂ ಶತ್ರುಗಳು. ನಮ್ಮಲ್ಲಿ ಬೆಳಗಿನ ಹೊತ್ತು ಗಾಜಿನ ಒಳಮೈಯಲ್ಲಿ ಕಣ್ಣಿಗೆ ಕಾಣದ ತೇವ ಇದ್ದೇ ಇರುತ್ತದೆ. ಏಳು ಗಂಟೆಗೆ ಹೊರಡುವ ಗಡಿಬಿಡಿಯಲ್ಲಿ ಅಂಟಿಸಿದ ಪರದೆ ಸುಂಟಿಕೊಪ್ಪ ತಲುಪುವ ಮೊದಲೇ ಬೀಳುವುದು ಇದೇ ಕಾರಣಕ್ಕೆ. ಹಿಂದಿನ ದಿನ ಮಧ್ಯಾಹ್ನ, ಗಾಜು ಬಿಸಿಲಿಗೆ ಬೆಚ್ಚಗಾದಾಗ ಅಂಟಿಸಿ. ಸಾಧ್ಯವಾಗದಿದ್ದರೆ ಐದು ನಿಮಿಷ ಏಸಿ ಹಾಕಿ ಒಳಗಿನ ತೇವವನ್ನು ಆರಿಸಿ.

ಒದ್ದೆ ಬಟ್ಟೆಯಿಂದ ಗಾಜಿನ ಒಳಮೈ ಒರೆಸಿ, ಆಮೇಲೆ ಒಣ ಬಟ್ಟೆಯಿಂದ ಎರಡು ಸಲ. ಡ್ಯಾಶ್‌ಬೋರ್ಡಿಗೆ ಹೊಡೆಯುವ ಹೊಳಪಿನ ಸ್ಪ್ರೇಯನ್ನು ಗಾಜಿನ ಹತ್ತಿರ ತರಬೇಡಿ, ಆ ಜಿಡ್ಡಿನ ಮೇಲೆ ಯಾವುದೂ ನಿಲ್ಲುವುದಿಲ್ಲ. ಮಗುವನ್ನು ಆಸನದಲ್ಲಿ ಕೂರಿಸಿ, ಅದರ ಮುಖದ ಎತ್ತರವನ್ನು ನೋಡಿಕೊಂಡು ಪರದೆಯ ಜಾಗ ಗೊತ್ತು ಮಾಡಿ. ಇಡೀ ಗಾಜನ್ನು ಮುಚ್ಚುವ ಹಟ ಬೇಡ. ಮಧ್ಯದಿಂದ ಅಂಚಿಗೆ ಅಂಗೈಯಿಂದ ಒತ್ತುತ್ತ ಗಾಳಿಯನ್ನು ಹೊರದೂಡಿ. ಅಂಚುಗಳು ರಬ್ಬರ್ ಪಟ್ಟಿಯ ಮೇಲೆ ಏರಬಾರದು, ಎಲ್ಲ ಕಡೆಯೂ ಎರಡು ಬೆರಳಷ್ಟು ಗಾಜು ಖಾಲಿ ಬಿಡಿ.

ಈಗ ಚಾಲಕನ ಸೀಟಿನಲ್ಲಿ ಕುಳಿತು ಹೆಗಲ ಮೇಲಿಂದ ಹಿಂದಕ್ಕೆ ತಿರುಗಿ ನೋಡಿ. ತೋಟದ ಕಚ್ಚಾ ದಾರಿ ಮುಖ್ಯರಸ್ತೆಗೆ ಓರೆಯಾಗಿ ಸೇರುವಲ್ಲಿ ನಮಗೆ ದಾರಿ ಕಾಣುವುದು ಆ ಹಿಂದಿನ ಕಿಟಕಿಯಿಂದಲೇ. ತಿತಿಮತಿ ಕಡೆ ಸಂಜೆ ಓಡಾಡುವವರಿಗೆ ರಸ್ತೆಯಂಚಿನಲ್ಲಿ ನಿಂತ ಆನೆಯೂ ಕಾಣಬೇಕು. ಕಾಣದಿದ್ದರೆ ಪರದೆಯನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿ.

ಕೊನೆಯದಾಗಿ ಚಾಲಕನ ಬಾಗಿಲಿನಲ್ಲಿರುವ ಕಿಟಕಿ ಲಾಕ್ ಗುಂಡಿಯನ್ನು ಒತ್ತಿ. ಮಗು ಕಿಟಕಿ ಇಳಿಸಿದರೆ ಜಾಲರಿ ಗಾಜಿನ ಜೊತೆಗೇ ಬಾಗಿಲಿನೊಳಗೆ ಇಳಿದು ಸಿಕ್ಕಿಬೀಳುತ್ತದೆ. ಅದನ್ನು ತೆಗೆಯಲು ಬಾಗಿಲಿನ ಹಲಗೆಯನ್ನೇ ಬಿಚ್ಚಬೇಕಾಗುತ್ತದೆ. ಮಗುವಿನ ಬೆರಳು, ಕತ್ತು ಗಾಜಿಗೆ ಸಿಗದಿರಲೂ ಈ ಲಾಕ್ ಬೇಕು.

ಹಿಂದಕ್ಕೆ ಮುಖ ಮಾಡಿದ ಕೂಸಿನ ಆಸನವಾದರೆ ಅದರ ಜೊತೆಗೆ ಬಂದ ಮಡಚು ಚಾವಣಿಯನ್ನೇ ಬಳಸಿ. ಆಸನದ ಮೇಲೆ ಬಟ್ಟೆ ಹೊದಿಸುವವರನ್ನು ಬಹಳ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ಗಾಳಿಯಾಡದೆ ಕೂಸು ಬೇಯುತ್ತದೆ, ಅದು ನಿಮಗೆ ಕಾಣುವುದೂ ಇಲ್ಲ.

6. ಯಾವಾಗ ತೆಗೆಯಬೇಕು?

ಮಂಜು ಬಂದರೆ, ಮಳೆ ಹಿಡಿದರೆ, ಕತ್ತಲಾದರೆ ತೆಗೆಯಿರಿ.

ನಿಲ್ಲಿಸಿದ ಕಾರಿನ ವಿಷಯದಲ್ಲಿ ಪರದೆಯನ್ನು ನಂಬಲೇಬೇಡಿ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷಕ್ಕೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ತಾಪ ಏರಬಹುದು, ಗಾಜನ್ನು ಸ್ವಲ್ಪ ಇಳಿಸಿದರೂ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಮಗುವಿನ ಮೈ ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಗೋಣಿಕೊಪ್ಪಲಿನ ಪೇಟೆಯಲ್ಲಿ ಎರಡು ಸಾಮಾನು ತರಲು ಇಳಿದರೂ ಮಗುವನ್ನು ಎತ್ತಿಕೊಂಡೇ ಹೋಗಿ. ಹಿಂತಿರುಗಿದ ಮೇಲೆ ಬೆಲ್ಟಿನ ಲೋಹದ ಕೊಂಡಿಯನ್ನು ನಿಮ್ಮ ಬೆರಳಿನಿಂದ ಮುಟ್ಟಿ ನೋಡಿ, ಬಿಸಿಯಿಲ್ಲವೆಂದು ಖಚಿತವಾದ ನಂತರ ಮಗುವಿಗೆ ಹಾಕಿ.

ಹಿಡಿತ ಕಡಿಮೆಯಾದ ಜಾಲರಿಯನ್ನು ಬಿಸಾಡಬೇಕಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದರೆ ಮತ್ತೆ ಅಂಟುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯುವ ಮೊದಲು ಹೀಗೆ ತೊಳೆದು, ಚೆನ್ನಾಗಿ ಒಣಗಿಸಿ, ಮಡಿಕೆ ಬೀಳದಂತೆ ಚಪ್ಪಟೆಯಾಗಿ ಗಾಳಿಯಾಡದ ಡಬ್ಬಿಯಲ್ಲಿಡಿ. ಕಾರಿನ ಜೇಬಿನಲ್ಲೇ ಬಿಟ್ಟರೆ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಅಕ್ಟೋಬರ್‌ನಲ್ಲಿ ತೀರ್ಥೋದ್ಭವಕ್ಕೆ ತಲಕಾವೇರಿಗೆ ಹೊರಡುವಾಗ ಹೊರತೆಗೆದು, ಅಂಚಿನ ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿ. ತಂತಿ ಒಂದು ಕಡೆ ಚುಚ್ಚಿದರೂ ಆ ಪರದೆಯನ್ನು ಎಸೆದು ಹೊಸದನ್ನು ಕೊಳ್ಳಿ.