ಕಾರ್ಡಿನ ಮೇಲೆ ಸ್ಟುಡಿಯೋ ಹೆಸರಿದೆ, ಆ ತಾಯಿಯ ಹೆಸರಿಲ್ಲ

ನಾನು ನೀಲಗಿರಿಯ ಬುಡಕಟ್ಟು ಜನರಾದ ತೋಡರು, ಕೋಟರು, ಕುರುಂಬರ ಹಳೇ ಭಾವಚಿತ್ರಗಳನ್ನು ಕೂಡಿಸುತ್ತಾ ಬಂದವನು. ಬೇಸಿಗೆಗೆ ಊಟಿಗೆ ಬರುತ್ತಿದ್ದ ಇಂಗ್ಲಿಷರು ಇವನ್ನು ನೆನಪಿಗೆಂದು ಕೊಂಡು ಊರಿಗೆ ಒಯ್ದರು. ಹಾಗಾಗಿ ಇವತ್ತಿಗೂ ಒಳ್ಳೆಯ ಚಿತ್ರಗಳು ಸಿಗುವುದು ಇಂಗ್ಲೆಂಡಿನ ಹರಾಜುಗಳಲ್ಲೇ ಜಾಸ್ತಿ. ಊಟಿಯ ಎ. ಟಿ. ಡಬ್ಲ್ಯೂ. ಪೆನ್, ಮದರಾಸಿನ ನಿಕೋಲಸ್, ಪೋಸ್ಟ್‌ಕಾರ್ಡ್ ಕಾಲಕ್ಕೆ ಬಂದರೆ ವೀಲೆ ಅಂಡ್ ಕ್ಲೈನ್, ಈ ಫೋಟೋ ಸ್ಟುಡಿಯೋಗಳ ಹೆಸರುಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ.

ಚಿತ್ರ ಕೈಗೆ ಬಂದರೆ ಮೊದಲು ಕಾಗದ ನೋಡುತ್ತೇನೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಸಾಕು. ಸಾಲು ಸಾಲು ಚುಕ್ಕಿ ಕಂಡರೆ ಅದು ಅಚ್ಚಿನದು. ಆಲ್ಬುಮೆನ್ ಆಗಿದ್ದರೆ ಕಾಗದದ ನಾರೇ ಕಾಣುತ್ತದೆ. ಮೊಟ್ಟೆಯ ಬಿಳಿ ಲೋಳೆ ಬಳಿದ ತೆಳು ಕಾಗದ ಅದು, ಸುರುಳಿ ಸುತ್ತಿಕೊಳ್ಳಬಾರದೆಂದು ರಟ್ಟಿಗೆ ಅಂಟಿಸುತ್ತಿದ್ದರು. ಬೆಳಕಿನ ಭಾಗ ಹಳದಿಗೆ ತಿರುಗಿರುತ್ತದೆ, ಕೂದಲೆಳೆಯಷ್ಟು ಸಣ್ಣ ಬಿರುಕುಗಳೂ ಇರುತ್ತವೆ. ಆಮೇಲಿನ ಕಾಲದ ಜೆಲಟಿನ್ ಪ್ರಿಂಟನ್ನು ಓರೆಯಾಗಿ ಹಿಡಿದರೆ ಅಂಚಿನ ಕಪ್ಪು ಜಾಗ ಎಷ್ಟೋ ಸಲ ಬೆಳ್ಳಿಯಂತೆ ಮಿನುಗುತ್ತದೆ.

ನನ್ನಲ್ಲಿ ಒಂದು ಕಾರ್ಡ್ ಇದೆ. ತೋಡ ಹೆಂಗಸು, ಭುಜದವರೆಗೆ ಇಳಿಬಿಟ್ಟ ಗುಂಗುರು ಕೂದಲು, ಮೈತುಂಬ ಹೊದ್ದ ಪುಟ್ಕುಳಿ ಎಂಬ ಕಸೂತಿ ಹೊದಿಕೆ. ಕೆಳಗೆ ಸ್ಟುಡಿಯೋ ಹೆಸರು ಬಂಗಾರದ ಅಕ್ಷರದಲ್ಲಿ. ಹಿಂದೆ ಪೆನ್ಸಿಲ್ಲಿನಲ್ಲಿ 'ತೋಡ ಹೆಂಗಸು' ಎಂದಷ್ಟೇ. ಅದರ ಸ್ಕ್ಯಾನ್ ತೆಗೆದು, ದೊಡ್ಡ ಪ್ರಿಂಟ್ ಹಾಕಿಸಿ, ಬಡಗ ಗೆಳೆಯರೊಬ್ಬರ ಜೊತೆ ಊಟಿ ಹತ್ತಿರದ ಒಂದು ಮಂದ್‌ಗೆ, ಅಂದರೆ ತೋಡರ ಹಟ್ಟಿಗೆ, ಹೋದೆ. ಅಲ್ಲಿನ ಅಜ್ಜಿ ಮುಖಕ್ಕಿಂತ ಮೊದಲು ಹೊದಿಕೆಯ ಅಂಚು ನೋಡಿದರು. ಬೆರಳಿಟ್ಟು, "ಎಳೆ ಎಣಿಸಿ ಹಾಕಿದ್ದಾಳೆ, ಚೆನ್ನಾಗಿದೆ" ಅಂದರು. ತೋಡರ ಕಸೂತಿಯೇ ಹಾಗೆ, ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸಿಕೊಂಡೇ ಕೆಂಪು ಕಪ್ಪು ದಾರ ಹಾಕುತ್ತಾರೆ. ಆಮೇಲೆ ಕೇಳಿದರು, "ಯಾರ ಮನೆಯವಳು?" ನನ್ನ ಹತ್ತಿರ ಉತ್ತರವಿರಲಿಲ್ಲ. ಪ್ರಿಂಟ್ ಅವರಿಗೇ ಕೊಟ್ಟು ಬಂದೆ. ಈಗ ಯಾವ ಚಿತ್ರ ಕೊಂಡರೂ ಒಂದು ಪ್ರತಿ ಅವರವರ ಊರಿಗೆ ಮುಟ್ಟಿಸುತ್ತೇನೆ. ಚಿತ್ರ ನನ್ನ ದುಡ್ಡಿನದಿರಬಹುದು, ಮುಖ ಅವರದು ಅಲ್ವಾ?

ಕೆಲವನ್ನು ಕೊಳ್ಳುವುದೇ ಇಲ್ಲ. 1869ರಲ್ಲಿ ಲ್ಯಾಂಪ್ರೀ ಎಂಬಾತ ಚೌಕಟ್ಟಿಗೆ ದಾರ ಕಟ್ಟಿ, ಎರಡೆರಡು ಇಂಚಿನ ಚೌಕಗಳ ಮುಂದೆ ಜನರನ್ನು ಬೆತ್ತಲೆ ನಿಲ್ಲಿಸಿ ಫೋಟೋ ತೆಗೆಯುವ ಪದ್ಧತಿ ತಂದ. ಮನುಷ್ಯರನ್ನು ಅಳೆದು ನೋಡಲು ತೆಗೆದ ಅಂಥವು ಮಾರಾಟಕ್ಕೆ ಬಂದರೆ ನಾನು ಮುಟ್ಟುವುದಿಲ್ಲ. ನೀಲಗಿರಿ ಬುಡಕಟ್ಟುಗಳ ಬಗ್ಗೆ ಇಂಗ್ಲಿಷ್ ಅಧಿಕಾರಿ ಬ್ರೀಕ್ಸ್ ಬರೆದ 1873ರ ಪುಸ್ತಕದಂಥವುಗಳಿಂದ ಕಿತ್ತ ಹಾಳೆಗಳೂ ಬೇಡ. ನಾವು ಕೊಂಡರೆ ಇನ್ನೊಂದು ಪುಸ್ತಕ ಹರಿಯುತ್ತಾರೆ.

ಇಡುವುದಕ್ಕೆ ಪಾಲಿಯೆಸ್ಟರ್ ಕವರ್, ಆಮ್ಲವಿಲ್ಲದ ಕಾಗದದ ಡಬ್ಬಿ. ಅಂಟು ಹಾಳೆಯ ಆಲ್ಬಂ, ಪಿವಿಸಿ ಕವರ್, ಲ್ಯಾಮಿನೇಷನ್ ಖಂಡಿತ ಬೇಡ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಡಬ್ಬಿ ತೆಗೆದು ಬೂಷ್ಟು, ಬೆಳ್ಳಿ ಹುಳ ನೋಡಿ. ಯಾರಾದರೂ ಗುರುತು ಹೇಳಿದರೆ ಬೇರೆ ಚೀಟಿಯಲ್ಲಿ ಬರೆದು ಚಿತ್ರದ ಜೊತೆಗಿಡುತ್ತೇನೆ, ಹೇಳಿದವರ ಹೆಸರು, ತಾರೀಕು ಸಮೇತ. ಇಂಟರ್‌ನೆಟ್‌ಗೆ ಹಾಕುವುದು ಅವರು ಸರಿ ಅಂದ ಮೇಲೆಯೇ.