ಕಳಿಸುವ ಮೊದಲು ನಿಮ್ಮ ಇಂಗ್ಲಿಷ್ ವಾಕ್ಯವನ್ನು ಹೀಗೆ ನೋಡಿ

ಮೊದಲು ಕ್ರಿಯಾಪದ ನೋಡಿ. ನಮ್ಮ ತಪ್ಪುಗಳು ಜಾಸ್ತಿ ಇರುವುದು ಅಲ್ಲೇ. ವಾಕ್ಯದಲ್ಲಿ 'ಯೆಸ್ಟರ್‌ಡೇ', 'ಲಾಸ್ಟ್ ವೀಕ್' ಥರ ಮುಗಿದುಹೋದ ಸಮಯ ಇದ್ದರೆ 'ಐ ಹ್ಯಾವ್ ಸೆಂಟ್' ಬೇಡ, 'ಐ ಸೆಂಟ್' ಸಾಕು. 'ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್' ಕೂಡ ಬೇಡ, 'ಐ ಹ್ಯಾವ್' ಅನ್ನಿ. ಆದರೆ ಊಟ ಮಾಡುತ್ತಿದ್ದೀರಿ ಅನ್ನುವಾಗ 'ಹ್ಯಾವಿಂಗ್ ಲಂಚ್' ಸರಿಯೇ.

ಆಮೇಲೆ ಸಣ್ಣ ಪದಗಳು. ನಾವು 'ಅದರ ಬಗ್ಗೆ ಚರ್ಚಿಸೋಣ' ಅಂತೀವಲ್ವಾ, ಆ 'ಬಗ್ಗೆ' ಸುಮ್ನೆ ಇಂಗ್ಲಿಷಿಗೂ ನುಗ್ಗಿ 'ಡಿಸ್ಕಸ್ ಅಬೌಟ್' ಆಗುತ್ತದೆ. 'ಅಬೌಟ್' ತೆಗೆಯಿರಿ. 'ಎ', 'ದ' ಕನ್ನಡದಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಪ್ರತಿ ನಾಮಪದದ ಹತ್ತಿರ ಒಂದು ಕ್ಷಣ ನಿಲ್ಲಿ: ಓದುವವರಿಗೆ ಯಾವುದು ಅಂತ ಈಗಾಗಲೇ ಗೊತ್ತಿದ್ದರೆ 'ದ', ಹಲವುಗಳಲ್ಲಿ ಯಾವುದೋ ಒಂದಾದರೆ 'ಎ'.

ವ್ಯಾಕರಣ ಸರಿ ಇದ್ದೂ ವಾಕ್ಯ ಸಹಜ ಅನ್ನಿಸದೆ ಇರಬಹುದು. ನನ್ನ ಪ್ರಕಾರ ಇದೇ ಕಷ್ಟದ ಭಾಗ. 'ಸ್ಟ್ರಾಂಗ್ ರೇನ್' ಅರ್ಥವಾಗುತ್ತದೆ, ಆದರೆ ರೂಢಿಯಲ್ಲಿರುವುದು 'ಹೆವಿ ರೇನ್'. ಅನುಮಾನ ಬಂದರೆ ಗೂಗಲ್‌ನ ಎನ್‌ಗ್ರಾಮ್ ವ್ಯೂವರ್‌ನಲ್ಲಿ ಎರಡನ್ನೂ ನಡುವೆ ಕಾಮಾ ಹಾಕಿ ಟೈಪ್ ಮಾಡಿ, ಪುಸ್ತಕಗಳಲ್ಲಿ ಯಾವುದು ಹೆಚ್ಚು ಬಳಕೆಯಲ್ಲಿದೆ ಅಂತ ಗ್ರಾಫ್ ತೋರಿಸುತ್ತದೆ. ಇನ್ನೂ ಆಳವಾಗಿ ನೋಡಬೇಕಾದರೆ 'ಕೋಕಾ' ಅನ್ನುವ ಅಮೆರಿಕನ್ ಇಂಗ್ಲಿಷ್ ಸಂಗ್ರಹ ಇದೆ, 100 ಕೋಟಿಗೂ ಹೆಚ್ಚು ಪದಗಳದ್ದು.

ಗ್ರಾಮರ್ಲಿ ಥರದ, ಬರವಣಿಗೆ ತಿದ್ದುವ ಟೂಲ್ ಹೇಳಿದ್ದನ್ನೆಲ್ಲ ಒಪ್ಪಬೇಡಿ, ಕೆಲವೊಮ್ಮೆ ಅರ್ಥವೇ ಬದಲಾಗಿರುತ್ತದೆ. ಓದುವವರು ಯಾರು ಅನ್ನುವುದೂ ಮುಖ್ಯ: 'ಪ್ರಿಪೋನ್' (ದಿನಾಂಕವನ್ನು ಮುಂಚೆಗೆ ತರುವುದು) ಹೆಚ್ಚಾಗಿ ಭಾರತದ ಇಂಗ್ಲಿಷಿನ ಪದ, ಬೆಂಗಳೂರಿನ ಸಹೋದ್ಯೋಗಿಗೆ ಧಾರಾಳವಾಗಿ ಬರೆಯಿರಿ, ಲಂಡನ್ ಕ್ಲೈಂಟ್‌ಗೆ ಹೊಸ ದಿನಾಂಕವನ್ನೇ ನೇರವಾಗಿ ಹೇಳಿಬಿಡಿ.